ಗವಿ ಅಳೆದ ಬುಗುರಿ

ಡಾಕ್ಟರು ಕೇಳಿದಾಗಲೆಲ್ಲ ನನಗಿರುವ ಕಾಯಿಲೆಗಳು ಸಕ್ಕರೆ, ಬಿ.ಪಿ., ಮಂಡಿನೋವು ಎಂದು ಮೂರನ್ನು ಹೇಳಿ ಸುಮ್ಮನಾಗುತ್ತೇನೆ. ನಾಲ್ಕನೆಯದನ್ನು ಹೇಳುವುದಿಲ್ಲ. ಅದು ಈ ಮೂರಕ್ಕಿಂತ ಬಹಳ ಹಳೆಯದು, ಹನ್ನೊಂದನೆಯ ವಯಸ್ಸಿಗೇ ಅಂಟಿಕೊಂಡದ್ದು. ಹೊಟ್ಟೆಕಿಚ್ಚು. ಅದಕ್ಕೆ ಮಾತ್ರೆ ಬರೆದುಕೊಡುವ ಡಾಕ್ಟರನ್ನು ನಾನು ಇನ್ನೂ ಕಂಡಿಲ್ಲ. ಹೋದ ತಿಂಗಳು ನನ್ನ ಹೆಂಡತಿ ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕನ್ನು ಇಳಿಸಿ, ಹಳೆಯ ನಕಾಶೆಗಳ ಧೂಳು ಒದರುತ್ತಿದ್ದಾಗ ಆ ಕಾಯಿಲೆಯ ಮೂಲವೇ ಉರುಳಿಕೊಂಡು ಬಂದು ನನ್ನ ಕಾಲ ಬಳಿ ನಿಂತಿತು.

ಅದೊಂದು ಬುಗುರಿ. ಚನ್ನಪಟ್ಟಣದ ಬುಗುರಿ. ಕೆಂಪು ಅರಗಿನ ಹೊಳಪು ಇನ್ನೂ ಹೋಗಿರಲಿಲ್ಲ. ಆದರೆ ಬುಗುರಿಗೆ ಸುತ್ತುವ ಚಾಟಿಯ ಬದಲು ಅದರ ಹೊಟ್ಟೆಗೆ ಹಳದಿ ರೇಷ್ಮೆ ನೂಲು ಸುತ್ತಿತ್ತು.

"ಇದ್ಯಾರ್ದು ಇದು, ರೇಷ್ಮೆ ಸುತ್ತಿರೋ ಬುಗುರಿ?" ಎಂದಳು ನನ್ನ ಹೆಂಡತಿ.

"ಖಲೀಲಂದು."

"ಯಾವ ಖಲೀಲ? ಆ ಬುರುಡೆ ಖಲೀಲನಾ?"

ನೋಡಿ, ಮದುವೆಯಾಗಿ ಕನಕಪುರದ ಕಡೆಯಿಂದ ಬಂದ ನನ್ನ ಹೆಂಡತಿಗೂ ಅವನು ಬುರುಡೆ ಖಲೀಲನೇ. ಆ ಹೆಸರು ಅವನಿಗೆ ನಿಜವಾಗಿ ಹೇಗೆ ಬಂತೆಂದು ಈ ಪ್ರಪಂಚದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಒಬ್ಬ ಬುಗುರಿಯನ್ನು ಎತ್ತಿ ಜುಬ್ಬದ ಜೇಬಿಗೆ ಹಾಕಿಕೊಂಡು, ಕಾಫಿ ಆಯಿತೇ ಎಂದು ಕೇಳಿ ಮಾತು ತಿರುಗಿಸಿದ.

ಅದೇ ವಾರ ಮೊಮ್ಮಗಳು ಶಾಲೆಯ ಕ್ವಿಜ್ ಸ್ಪರ್ಧೆಗೆ ಓದುತ್ತಿದ್ದಳು. "ತಾತ, ಪ್ರಪಂಚದ ಅತಿ ದೊಡ್ಡ ಗುಹೆ ಯಾವುದು?" ಎಂದು ಕೇಳಿದಳು. ನಾನು ಮೂವತ್ತೆರಡು ವರ್ಷ ಭೂಮಾಪಕನಾಗಿ ಮಾಗಡಿ, ಕನಕಪುರ, ಚನ್ನಪಟ್ಟಣದ ಹೊಲಗಳಲ್ಲಿ ಸರಪಳಿ ಎಳೆಸಿದವನು. ದೊಡ್ಡದು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, "ಯಾವ ಅಳತೆಯಲ್ಲಿ?" ಎಂದು ಕೇಳುವುದು ನನ್ನ ಚಾಳಿ. ಹಾಗೇ ಕೇಳಿದೆ. ಮಗು ಗೊಂದಲಕ್ಕೆ ಬಿತ್ತು. ಇಬ್ಬರೂ ಮೊಬೈಲು ಹಿಡಿದು ಕೂತೆವು.

ಕೂತದ್ದೇ ತಪ್ಪಾಯಿತು. ಉದ್ದದಲ್ಲಿ ದೊಡ್ಡದು ಅಮೆರಿಕದ ಮ್ಯಾಮತ್ ಗುಹೆಯಂತೆ, ಆರುನೂರು ಕಿಲೋಮೀಟರಿಗೂ ಹೆಚ್ಚು ದಾರಿ ಅಳೆದಿದ್ದಾರೆ, ಇನ್ನೂ ಅಳೆಯುತ್ತಲೇ ಇದ್ದಾರೆ. ಒಳಗಿನ ಬಯಲಿನ ಗಾತ್ರದಲ್ಲಿ ದೊಡ್ಡದು ವಿಯೆಟ್ನಾಮಿನ ಸೊನ್ ಡೂಂಗ್. ಅದರೊಳಗೆ ಕಾಡಿದೆ, ನದಿಯಿದೆ, ಮೋಡವೂ ಕಟ್ಟುತ್ತದಂತೆ. ಆಳ ಎಂದರೆ ಜಾರ್ಜಿಯಾ ದೇಶದ್ದು. ಒಂದೇ ಕೋಣೆಯ ನೆಲ ಅಳೆದರೆ ಬೋರ್ನಿಯೋ ದ್ವೀಪದ್ದು ಗೆಲ್ಲುತ್ತದೆ. ಅದೇ ಕೋಣೆಯೊಳಗೆ ಎಷ್ಟು ಗಾಳಿ ಹಿಡಿಯುತ್ತದೆ ಎಂದು ಅಳೆದರೆ ಚೀನಾದ್ದು. ಅಂದರೆ ಒಬ್ಬೊಬ್ಬರದೂ ಒಂದೊಂದು ಅಳತೆಗೋಲಿನಲ್ಲಿ ಪ್ರಪಂಚಕ್ಕೇ ದೊಡ್ಡದು. ನನಗೆ ಬೈರಾಪಟ್ಟಣದ ಅಣ್ಣತಮ್ಮಂದಿರ ನೆನಪಾಯಿತು. ಭಾಗ ಮಾಡಲು ನಾನು ಹೋದಾಗ ಅಣ್ಣ ತನ್ನ ಹೊಲವೇ ಉದ್ದವೆಂದ, ತಮ್ಮ ತನ್ನದೇ ಅಗಲವೆಂದ, ಇಬ್ಬರೂ ಬೀಗಿಕೊಂಡು ಮನೆಗೆ ಹೋದರು. ಎರಡೂ ಒಂದೇ ವಿಸ್ತೀರ್ಣವೆಂದು ನಾನು ಬಾಯಿ ಬಿಡಲಿಲ್ಲ.

ನಮ್ಮ ಮೇಘಾಲಯದಲ್ಲೂ ಮೈಲಿಗಟ್ಟಲೆ ಉದ್ದದ ಗುಹೆಗಳಿವೆ ಎಂದು ಓದಿದಾಗ ಸ್ವಲ್ಪ ಸಮಾಧಾನ, ಸ್ವಲ್ಪ ಸಂಕಟ. ಅವೆಲ್ಲ ಸುಣ್ಣದ ಕಲ್ಲಿನ ಸೀಮೆಗಳು. ನೀರು ಬಿದ್ದರೆ ಕರಗುತ್ತದೆ, ಲಕ್ಷಾಂತರ ವರ್ಷ ಕರಗಿದರೆ ಗುಹೆಯಾಗದೆ ಇನ್ನೇನಾದೀತು? ನಮ್ಮ ರಾಮನಗರದ ಬಂಡೆ ಕರಗುವ ಜಾತಿಯದಲ್ಲ. ಬಂಡೆಯ ಮೇಲೆ ಬಂಡೆ ಉರುಳಿ ನಿಂತು ನಡುವೆ ಉಳಿದ ಸಂದಿಯೇ ನಮಗೆ ಗವಿ. ಒಂದು ಚಿರತೆ, ನಾಲ್ಕು ಬಾವಲಿ ಹಿಡಿಸಿದರೆ ಹೆಚ್ಚು. ಆದರೂ ಅಂಥದೊಂದು ಗವಿಗಾಗಿ ನಾನು ಮಾಡಬಾರದ್ದನ್ನು ಮಾಡಿದೆ.

ನಮ್ಮೂರು ರಾಮನಗರಕ್ಕೂ ಮಾಗಡಿಗೂ ನಡುವೆ, ಗೂಗೆಬಂಡೆ ಎಂಬ ಬೆಟ್ಟದ ಹಿಂಭಾಗದಲ್ಲಿದೆ. ನಮ್ಮಜ್ಜಿ ಕೊನೆಯವರೆಗೂ ರಾಮನಗರವನ್ನು ಕ್ಲೋಸ್‌ಪೇಟೆ ಎಂದೇ ಕರೆಯುತ್ತಿದ್ದಳು. ಬೆಟ್ಟದ ಮುಂಭಾಗ ಆ ಪೇಟೆಯ ಕಡೆಗಿತ್ತು. ಅಲ್ಲಿ ಖಲೀಲನ ಅಪ್ಪನ ಚರಕದ ಮನೆ. ನಾವು ರೇಷ್ಮೆ ಹುಳ ಸಾಕಿ ಗೂಡು ಮಾರುವವರು, ಅವರು ಗೂಡು ಬೇಯಿಸಿ ನೂಲು ತೆಗೆಯುವವರು. ಖಲೀಲ ಮತ್ತು ನಾನು ಪೇಟೆಯ ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚು. ನಮ್ಮೂರಿನ ಕಡೆಯಿಂದ ಬೆಟ್ಟದೊಳಕ್ಕೆ ಹೋಗುವ ಗವಿ ನನ್ನದು, ಪೇಟೆಯ ಕಡೆಯಿಂದ ಹೋಗುವುದು ಅವನದು. ಯಾರೂ ಖಾತೆ ಮಾಡಿಕೊಟ್ಟಿರಲಿಲ್ಲ. ನಾವೇ ಮಾಡಿಕೊಂಡಿದ್ದೆವು.

ಯಾರ ಗವಿ ದೊಡ್ಡದು ಎಂಬ ಜಗಳ ಶುರುವಾದ ಮೇಲೆ ಅಳೆಯದೆ ಗತಿಯಿರಲಿಲ್ಲ. ನಾನು ಎತ್ತಿನ ಹಗ್ಗ ತಂದು, ಸೀಮೆಣ್ಣೆ ಬುಡ್ಡಿ ಹಿಡಿದು, ಗವಿಯ ಬಾಯಿಂದ, ಒಳಗೆ ಅಗಲವಾಗಿ ತೆರೆದುಕೊಳ್ಳುವ, ನಾವು ಅಂಗಳ ಎನ್ನುತ್ತಿದ್ದ ಜಾಗದವರೆಗೆ ಮಾರು ಹಾಕಿದೆ. ಎರಡು ಕೈ ಚಾಚಿದಷ್ಟು ಉದ್ದ ಒಂದು ಮಾರು ತಾನೆ? ನಲವತ್ತು ಮಾರು ಬಂತು. ಸೋಮವಾರ ಕ್ಲಾಸಿನಲ್ಲಿ ಸಾರಿದೆ. ಖಲೀಲ ನನ್ನ ಕೈಗಳನ್ನು ಒಂದು ಸಲ ನೋಡಿದ.

"ಯಾರ ಮಾರ್ಲಾ? ನಿಂದಾ, ನಿಮ್ಮಪ್ಪಂದಾ?" ಎಂದ.

ಕ್ಲಾಸು ಗೊಳ್ಳೆಂದಿತು. ನಮ್ಮ ವಂಶದಲ್ಲಿ ಕೈ ಗಿಡ್ಡ. ಸರ್ಕಾರಿ ಕೆಲಸ ಸಿಕ್ಕಿದ ಮೊದಲ ದಿನ ಟೇಪು ಹಿಡಿದು ನಾನು ಅಳೆದದ್ದು ಯಾವ ಹೊಲವನ್ನೂ ಅಲ್ಲ, ನನ್ನ ಮಾರನ್ನು. ಅದರ ಫಲಿತಾಂಶವನ್ನು ಇಲ್ಲಿ ಬರೆಯಲಾರೆ.

ಖಲೀಲ ಅಳೆದ ರೀತಿಯೇ ಬೇರೆ. ಅವನು ಅಪ್ಪನ ಚರಕದಿಂದ ತುಂಡಾಗಿ ಉಳಿದ ನೂಲುಗಳನ್ನು ಗಂಟು ಹಾಕಿ ಉದ್ದ ಎಳೆ ಮಾಡಿಕೊಂಡ. ಒಂದು ತುದಿಯನ್ನು ಗವಿಯ ಬಾಯಲ್ಲಿ ಕಲ್ಲಿಗೆ ಕಟ್ಟಿ, ಬಿಚ್ಚುತ್ತಾ ಬಿಚ್ಚುತ್ತಾ ಕೊನೆಯವರೆಗೆ ಹೋದ. ಅಲ್ಲಿ ಒಂದು ಗುರುತಿನ ಗಂಟು ಹಾಕಿ, ಅಷ್ಟನ್ನೂ ತಂದು ಚರಕದ ರಾಟೆಗೆ ಸುತ್ತಿ ಎಣಿಸಿದ. ಮೂವತ್ತೆರಡು ಸುತ್ತು. ಮನುಷ್ಯನ ಕೈ ಒಬ್ಬೊಬ್ಬರದು ಒಂದೊಂದು ತರಹ ಇದ್ದೀತು, ರಾಟೆ ಎಲ್ಲರಿಗೂ ಒಂದೇ ಎಂದು ವಾದಿಸಿದ. ನಲವತ್ತು ದೊಡ್ಡದೋ ಮೂವತ್ತೆರಡು ದೊಡ್ಡದೋ ಎಂದು ನಾನು ಕಿರುಚಿದೆ. ಮೇಷ್ಟ್ರು ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಿದರು.

ಅವನ ಬುದ್ಧಿ ಕಂಡು ನನಗೆ ಮೈಯೆಲ್ಲ ಉರಿಯಿತು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವನ ಬಳಿ ಬ್ಯಾಟರಿ ಇತ್ತು, ನನ್ನದು ಹೊಗೆಯುಗುಳುವ ಬುಡ್ಡಿ. ಅವನು ಕಡ್ಡಿಯಂತೆ ತೆಳ್ಳಗಿದ್ದ, ಎಂಥ ಸಂದಿಯಲ್ಲೂ ನುಸುಳುತ್ತಿದ್ದ. ನಾನು ಅವ್ವನ ಮುದ್ದೆಯ ಕೃಪೆಯಿಂದ ಗುಂಡಗಿದ್ದೆ. ಅವನಿಗೆ ಶುಕ್ರವಾರ ಮಧ್ಯಾಹ್ನ ನಮಾಜಿಗೆಂದು ಬೇಗ ಬಿಡುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಅವನ ಬಳಿ ಆ ಕೆಂಪು ಬುಗುರಿಯಿತ್ತು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಅವನ ಮಾಮು ಹಾಲೆ ಮರದಲ್ಲಿ ಕಡೆದು ಅವನಿಗೆಂದೇ ಕೊಟ್ಟದ್ದು. ಅದು ತಿರುಗಿದರೆ ನಿಂತಂತೆ ಕಾಣುತ್ತಿತ್ತು. ನನ್ನ ಬುಗುರಿ ತಿರುಗುವಾಗಲೂ ಕುಡಿದವನಂತೆ ತೂರಾಡುತ್ತಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಖಲೀಲ ನನ್ನ ಕಿವಿಯ ಹತ್ತಿರ ಬಂದು, "ಲೇ, ನಿನ್ ಗವಿ ಮುಗೀತು ಕಣ್ಲಾ" ಎಂದ.

"ಏನ್ಲಾ ಹಂಗಂದ್ರೆ?"

"ನಮ್ ಗವಿ ತುದೀಲಿ ಒಂದು ಸಂದಿ ಐತೆ. ನಿನ್ನೆ ಅದ್ರಲ್ಲಿ ನುಸ್ಕಂಡು ನಿಮ್ ಅಂಗಳಕ್ಕೆ ಬಂದ್ಬುಟ್ಟೆ. ನೂಲೂ ಎಳ್ಕಂಡ್ ಬಂದು ಅಲ್ಲೇ ಬುಟ್ಟಿವ್ನಿ. ಎರಡೂ ಒಂದೇಯ. ನಮ್ದು ಗವಿ, ನಿಮ್ದು ಅದ್ರ ಹಿತ್ಲ ಬಾಗ್ಲು."

ಇಂಟರ್ವೆಲ್ಲಿನ ಹೊತ್ತಿಗೆ ಇಡೀ ಕ್ಲಾಸಿಗೆ ಗೊತ್ತಾಯಿತು. ಭಾನುವಾರ ಎಲ್ಲರೂ ನಮ್ಮೂರ ಕಡೆಯಿಂದ ಹೋಗಿ ನೂಲನ್ನು ನೋಡುವುದೆಂದು ತೀರ್ಮಾನವಾಯಿತು. ಹಿತ್ತಿಲ ಬಾಗಿಲು. ಆ ಮಾತು ನನ್ನ ತಲೆಯೊಳಗೆ ಕಣಜದ ಹುಳುವಿನಂತೆ ಸುತ್ತಿತು. ನಮ್ಮೂರಿಗೆ ರಸ್ತೆಯಿರಲಿಲ್ಲ, ಕರೆಂಟಿರಲಿಲ್ಲ, ಟೆಂಟ್ ಸಿನಿಮಾ ಇರಲಿಲ್ಲ. ಇದ್ದದ್ದು ಅದೊಂದು ಗವಿ.

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಊಟ ಮುಗಿಸಿ ಒಬ್ಬನೇ ಬುಡ್ಡಿ ಹಿಡಿದು ಒಳಗೆ ಹೋದೆ. ಸುಳ್ಳಿರಲಿ, ಸುಳ್ಳಿರಲಿ ಎಂದು ಎಲ್ಲ ದೇವರಿಗೂ ಹೇಳಿಕೊಂಡೇ ಹೋದೆ. ಅಂಗಳದ ನಟ್ಟನಡುವೆ ಬುಡ್ಡಿಯ ಬೆಳಕಿಗೆ ಆ ಬುಗುರಿ ಹೊಳೆಯಿತು. ಅದರ ಕುತ್ತಿಗೆಗೆ ಕಟ್ಟಿದ್ದ ಹಳದಿ ನೂಲು ನೆಲದ ಮೇಲೆ ಹರಿದು, ನಾನು ತಲೆ ತೂರಿಸಲೂ ಹೆದರಿದ್ದ ಮೇಲಿನ ಸಂದಿಯೊಳಗೆ ಹೋಗಿತ್ತು. ತಾನು ಬಂದ ಗುರುತಿಗೆ ಬುಗುರಿಯನ್ನೇ ಇಟ್ಟು ಹೋಗಿದ್ದಾನೆ ಎಂದುಕೊಂಡೆ. ಬಾವುಟ ನೆಟ್ಟ ಹಾಗೆ.

ಕೂತುಕೊಂಡು ನೂಲು ಎಳೆದೆ. ಎಳೆದಷ್ಟೂ ಬಂತು. ಬಹಳ ಹೊತ್ತಿನ ಮೇಲೆ ಆ ಕಡೆ ಎಲ್ಲೋ ಪಟ್ಟೆಂದು ಹರಿಯಿತು. ಎಲ್ಲವನ್ನೂ ಬುಗುರಿಗೇ ಸುತ್ತಿದೆ. ನೆಲದ ಧೂಳಿನ ಮೇಲೆ ನೂಲು ಎಳೆದ ಗೆರೆ ಉಳಿದಿತ್ತು, ಅದನ್ನೂ ಅಂಗಿಯ ತುದಿಯಿಂದ ಒರೆಸಿದೆ. ಇಷ್ಟು ಅಚ್ಚುಕಟ್ಟಾಗಿ ನಾನು ಮನೆಯಲ್ಲಿ ಯಾವ ಕೆಲಸವನ್ನೂ ಮಾಡಿದವನಲ್ಲ.

ಭಾನುವಾರ ಹದಿನಾಲ್ಕು ಜನ ಬಂದರು. ಅಂಗಳ ಖಾಲಿ. ಖಲೀಲ ಬ್ಯಾಟರಿ ಹಿಡಿದು ಮೂಲೆ ಮೂಲೆಯನ್ನೂ ನೋಡಿದ. "ಒಳಗಿಂದ ತೋರ್ಸು, ನುಸ್ಕಂಡ್ ಬಾ ಮತ್ತೆ" ಎಂದು ಯಾರೋ ಅಂದರು. ಅವನು ಸಂದಿಯನ್ನು ಒಂದು ಸಲ ನೋಡಿ ತಲೆ ತಗ್ಗಿಸಿದ. ಅಷ್ಟೇ ಸಾಕಾಯಿತು. ಬುರುಡೆ ಬಿಟ್ಟ ಎಂದು ಒಬ್ಬ ಕೂಗಿದ, ಬಂಡೆಗಳು ಅದನ್ನೇ ನಾಲ್ಕು ಸಲ ಹೇಳಿದವು. ನಾನೂ ಕೂಗಿದೆ. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದೆ ಎಂದೇ ನೆನಪು.

ಅಂದಿನಿಂದ ಅವನು ಬುರುಡೆ ಖಲೀಲ. ನಿಜ ಹೇಳಿದರೂ ನಗುತ್ತಿದ್ದರು. ಮಾಮುವಿನ ಮನೆಯಲ್ಲಿ ಚಿರತೆ ಮರಿ ನೋಡಿದೆ ಎಂದ, ನಕ್ಕರು. ಜ್ವರ ಎಂದ, ಮೇಷ್ಟ್ರೇ ನಕ್ಕರು. ಏಳನೇ ಕ್ಲಾಸು ಮುಗಿಸಿ ಚನ್ನಪಟ್ಟಣಕ್ಕೆ ಮಾಮುವಿನ ಬಳಿ ಕೆಲಸ ಕಲಿಯಲು ಹೋದ. ಹೆಸರು ಅವನಿಗಿಂತ ಮೊದಲೇ ಬಸ್ಸು ಹತ್ತಿ ಅಲ್ಲಿಗೆ ತಲುಪಿತ್ತು. ನಾನು ಸರ್ವೆಯರಾಗಿ ದೊಡ್ಡಮಳೂರಿಗೆ ಹೋದಾಗ ಅಲ್ಲಿಯ ಟೀ ಅಂಗಡಿಯಲ್ಲಿ ಯಾರೋ, "ಬುರುಡೆ ಖಲೀಲನ ಬೊಂಬೆ ಮಾತ್ರ ಬುರುಡೆ ಅಲ್ಲ ಕಣಣ್ಣ, ಪಸಂದಾಗಿರ್ತವೆ" ಎಂದರು. ಹೆಸರು ಕೇಳಿ ಮನಸ್ಸು ಅಳುಕಿತು. ಪಸಂದು ಎಂದದ್ದು ಕೇಳಿ ಉರಿಯಿತು. ಎರಡೂ ಒಟ್ಟಿಗೇ ಆಯಿತು, ನಾನೇನು ಮಾಡಲಿ? ಟೀ ಅರ್ಧಕ್ಕೇ ಬಿಟ್ಟು ಎದ್ದೆ. ಆ ಊರುಗಳಲ್ಲಿ ಅಷ್ಟು ವರ್ಷ ತಿರುಗಿದರೂ ಅವನ ಬೀದಿಗೆ ಮಾತ್ರ ಕಾಲಿಡಲಿಲ್ಲ.

ಈಗ ಮೊಬೈಲಿಗೆ ಬರುತ್ತೇನೆ. ಗುಹೆಗಳನ್ನು ಹೇಗೆ ಅಳೆಯುತ್ತಾರೆ ಎಂದು ಓದುತ್ತಾ ಹೋದೆ. ಟೇಪು, ದಿಕ್ಸೂಚಿ, ಇಳಿಜಾರು ನೋಡುವ ಸಾಧನ, ಈಚೆಗೆ ಲೇಸರ್. ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ಅಳೆದು ಕೂಡಿಸುವುದು. ಇದೆಲ್ಲ ನನಗೆ ಗೊತ್ತಿದ್ದ ಕಸುಬೇ. ಆದರೆ ಹಿಂದೆ ಫ್ರಾನ್ಸಿನ ಗುಹೆಶೋಧಕರು ಸೊಂಟಕ್ಕೆ ಒಂದು ಡಬ್ಬಿ ಕಟ್ಟಿಕೊಳ್ಳುತ್ತಿದ್ದರಂತೆ. ಅದರೊಳಗೆ ನೂಲಿನ ಉಂಡೆ. ನೂಲಿನ ತುದಿ ಕಟ್ಟಿ ನಡೆದರೆ ಉಂಡೆ ಬಿಚ್ಚುತ್ತದೆ, ಡಬ್ಬಿಯ ಗಾಲಿ ಎಷ್ಟು ಬಿಚ್ಚಿತೆಂದು ಎಣಿಸುತ್ತದೆ. ಓದಿ ಮೊಬೈಲು ಕೆಳಗಿಟ್ಟೆ. ಬೇರೆ ದೇಶದ ಎಂಜಿನಿಯರುಗಳು ಯೋಚಿಸಿ ಮಾಡಿದ್ದನ್ನು ಅಪ್ಪನ ಚರಕದ ಬಳಿ ಕೂತು ಅವನು ಹನ್ನೊಂದು ವರ್ಷಕ್ಕೇ ಮಾಡಿದ್ದ. ನಾನು ಎತ್ತಿನ ಹಗ್ಗ ಹಿಡಿದು ಗಿಡ್ಡ ಮಾರು ಹಾಕುತ್ತಿದ್ದೆ.

ಇನ್ನೊಂದು ನಿಯಮ ಓದಿದೆ. ಎರಡು ಗುಹೆಗಳು ಒಂದೇ ಎಂದು ಲೆಕ್ಕ ಹಾಕಬೇಕಾದರೆ ಒಂದರಿಂದ ಇನ್ನೊಂದಕ್ಕೆ ಮನುಷ್ಯನೇ ನುಸುಳಿ ಹೋಗಬೇಕು. ಗಾಳಿ ಹೋದರೆ, ನೀರು ಹರಿದರೆ ಸಾಲದು. ಮನುಷ್ಯ ದಾಟಿದನೆಂದರೆ ಎರಡರ ಉದ್ದವನ್ನೂ ಕೂಡಿಸಿ ಒಂದು ಹೆಸರು ಇಡುತ್ತಾರೆ, ಇನ್ನೊಂದು ಹೆಸರು ಅಡಗುತ್ತದೆ. ಹಾಗಾದರೆ ಖಲೀಲ ಆ ಗುರುವಾರವೇ ಪ್ರಪಂಚದ ನಿಯಮದ ಪ್ರಕಾರ ಗೆದ್ದಿದ್ದ. ಅವನ ಗೆಲುವು ಹತ್ತಿರ ಹತ್ತಿರ ಅರವತ್ತು ವರ್ಷ ನನ್ನ ಟ್ರಂಕಿನಲ್ಲಿತ್ತು.

ಮಾರನೆಯ ದಿನ ಚನ್ನಪಟ್ಟಣದ ಬಸ್ಸು ಹತ್ತಿದೆ.

ಖಲೀಲನ ಮನೆಯ ಮುಂದಿನ ಕೋಣೆಯಲ್ಲೇ ಬೊಂಬೆ ಕಡೆಯುವ ಲೇತು. ಗಡ್ಡ ಬೆಳ್ಳಗಾಗಿದೆ, ಮೈ ಮಾತ್ರ ಅದೇ ಕಡ್ಡಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದಿದ್ದ. ನನ್ನ ಹೊಟ್ಟೆ ನೋಡಿಯೇ ಗುರುತು ಹಿಡಿದ.

"ಏನ್ಲಾ ಸರ್ವೆಯರ್, ದಾರಿ ತಪ್ತಾ?"

ನಾನು ಬುಗುರಿ ತೆಗೆದು ಅವನ ಮುಂದಿಟ್ಟೆ. ಅವನು ಲೇತು ನಿಲ್ಲಿಸಿದ. ಕೈ ಒರೆಸಿಕೊಂಡು ಎತ್ತಿ, ತಿರುಗಿಸಿ ನೋಡಿದ. "ಮಾಮೂ ಮಾಡಿದ್ದು" ಎಂದ ಮೆಲ್ಲಗೆ. ಆಮೇಲೆ ನನ್ನನ್ನು ನೋಡಿದ.

ಬಸ್ಸಿನಲ್ಲಿ ಸಾಲುಸಾಲಾಗಿ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬಿಟ್ಟು, "ಶನಿವಾರವೇ ಹೋಗಿ ಎತ್ಕಂಡು ಬಂದ್ಬುಟ್ಟಿದ್ದೆ ಕಣ್ಲಾ. ಹೊಟ್ಟೆಕಿಚ್ಚಿಗೆ" ಎಂದೆ.

ಖಲೀಲ ಮತ್ತೆ ಲೇತು ಹಾಕಿ ಅರ್ಧವಾಗಿದ್ದ ಬೊಂಬೆಯ ತಲೆಗೆ ಬಣ್ಣ ಹಿಡಿಸಿದ, ಒಣಗಿದ ತಾಳೆಗರಿ ಒತ್ತಿ ಹೊಳಪು ಕೊಟ್ಟ, ಕತ್ತರಿಸಿ ಬುಟ್ಟಿಗೆ ಹಾಕಿದ. ಇನ್ನೊಂದು ಮಾಡಿದ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮೂರನೆಯದಕ್ಕೆ ಕೈ ಹಾಕಿದವನು ನಿಲ್ಲಿಸಿ ಕೇಳಿದ.

"ಎಲ್ಲಿಗಂಟ ಬಂದಿತ್ತು?"

"ನೀನಿಟ್ಟಿದ್ದಲ್ಲೇ ಇತ್ತು. ಅಂಗಳದ ಮಧ್ಯದಲ್ಲಿ."

"ನಾನೆಲ್ಲಿಟ್ಟೆ? ನಾನು ಆ ಕಡೀಕೆ ಬಂದೇ ಇರ್ನಿಲ್ಲ."

ನನಗೆ ಅರ್ಥವಾಗಲಿಲ್ಲ. ಅವನು ಕುತ್ತಿಗೆ ಉಜ್ಜಿಕೊಂಡು ಹೇಳಿದ. "ಸಂದೀಲಿ ಭುಜ ಹಿಡೀನಿಲ್ಲ ಕಣ್ಲಾ. ಒಸಿ ದೂರ ಹೋಗಿ ಸಿಕ್ಕಾಕಂಡು, ಅಳ್ತಾ ವಾಪಸ್ ಬಂದೆ. ಇಳಿಜಾರು ಇತ್ತಲ್ಲ, ಬುಗುರಿಗೆ ನೂಲು ಕಟ್ಟಿ ಉರುಳ್ಸಿಬುಟ್ಟೆ. ಎಲ್ಲಿ ನಿಂತ್ಕಂತೋ ಯಾರಿಗ್ ಗೊತ್ತು? ಬಂದಿರ್ಬೋದು ಅನ್ಕಂಡು, ನಾನೇ ಬಂದೆ ಅಂತ ಯೋಳ್ಬುಟ್ಟೆ. ಭಾನ್ವಾರ ಅಲ್ಲಿ ಏನೂ ಇರ್ನಿಲ್ಲ. ಮಧ್ಯ ಎಲ್ಲೋ ಸಿಕ್ಕಾಕಂಡೈತೆ ಅನ್ಕಂಡೆ. ಬುರುಡೆ ಅಂದ್ರು. ಬುರುಡೆ ಹೊಡ್ದಿದ್ನಲ್ಲ, ಒಪ್ಕಂಡೆ."

ಬುಗುರಿಯನ್ನು ಅಂಗೈಯಲ್ಲಿ ತೂಗಿದ. ಮತ್ತೆ ಕೇಳಿದ, "ನಿಜವಾಗ್ಲೂ ಅಂಗಳದ ಮಧ್ಯಕ್ಕೇ ಬಂದಿತ್ತಾ?"

"ನಟ್ಟನಡುವೆ."

ಅವನ ಮುಖ ನಿಧಾನವಾಗಿ ಅರಳಿತು. ಒಳಗೆ ತಿರುಗಿ ಹೆಂಡತಿಯನ್ನು ಕರೆದ. ಆಕೆ ಬಂದ ಮೇಲೆ ಅವರ ಮನೆಮಾತಿನಲ್ಲಿ ಏನೇನೋ ಹೇಳಿದ, ಕೈಯಲ್ಲಿ ಇಳಿಜಾರು ತೋರಿಸಿದ, ಬುಗುರಿ ಉರುಳುವುದನ್ನು ತೋರಿಸಿದ. ಆಕೆ ನಗುತ್ತಾ ನನಗೆ ಟೀ ತರಲು ಹೋದರು. "ಎರಡೂ ಒಂದೇಯ ಅಂದಿದ್ದೆ ನೋಡು. ಅಷ್ಟು ಮಾತ್ರ ಬುರುಡೆ ಆಗಿರ್ನಿಲ್ಲ" ಎಂದ.

ನಿಯಮ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಮನುಷ್ಯ ದಾಟಬೇಕು, ಬುಗುರಿ ದಾಟಿದರೆ ನಡೆಯುವುದಿಲ್ಲ. ಪ್ರಪಂಚದ ಯಾವ ಗುಹೆಯ ಲೆಕ್ಕದಲ್ಲೂ ಇದನ್ನು ಒಪ್ಪುವುದಿಲ್ಲ. ಅಂದರೆ ನನ್ನ ಗವಿ ಇವತ್ತಿಗೂ ನನ್ನದೇ, ಪೂರ್ತಿಯಾಗಿ, ಸ್ವತಂತ್ರವಾಗಿ. ಬುಗುರಿ ಕದ್ದು ಅದನ್ನು ಕಾಪಾಡುವ ಅಗತ್ಯವೇ ಇರಲಿಲ್ಲ. ಇದೊಂದು ವಾಕ್ಯ ಹೇಳಿದ್ದರೆ ಗೆದ್ದುಬಿಡುತ್ತಿದ್ದೆ. ಅವನು ಅಷ್ಟರಲ್ಲಿ ರೇಷ್ಮೆ ಬಿಚ್ಚಿಟ್ಟು, ಮೂಲೆಯಿಂದ ಹತ್ತಿಯ ದಾರ ತಂದು ಸುತ್ತಿ, ಆ ವಯಸ್ಸಿನಲ್ಲಿ ಕಾಲು ಮುಂದಿಟ್ಟು ಬೀಸಿ ಒಗೆದ. ಬುಗುರಿ ಸಿಮೆಂಟಿನ ನೆಲದ ಮೇಲೆ ನಿಂತಂತೆ ತಿರುಗಿತು. ಅವನಷ್ಟು ಸಂತೋಷ ನನಗೆ ಎಂದಾದರೂ ಆಗಿತ್ತೇ ಎಂದು ಹುಡುಕಿದೆ, ಸಿಗಲಿಲ್ಲ. ತಪ್ಪು ಮಾಡಿದವನು ನಾನು, ಹಗುರಾದವನು ಅವನು. ಅದಕ್ಕೂ ಹೊಟ್ಟೆ ಉರಿಯಿತು. ಟೀ ಕುಡಿದೆ. ನಿಯಮವನ್ನು ಹೇಳಲಿಲ್ಲ.

ಬುಗುರಿ ಅಲ್ಲೇ ಉಳಿಯಿತು, ಅವನದು ತಾನೆ. ನೂಲನ್ನು ಮಾತ್ರ, "ನೀನು ಸರ್ವೆಯರ್, ಅಳ್ದು ಯೋಳು" ಎಂದು ನನ್ನ ಕೈಗೆ ಕೊಟ್ಟ.

ಮನೆಗೆ ಬಂದು ನೆಲದ ಮೇಲೆ ಟೇಪು ಹಾಸಿ ಅಳೆಯುತ್ತಿದ್ದೆ. ಮೊಮ್ಮಗಳು ನೋಟ್‌ಬುಕ್ಕು ಹಿಡಿದು ಬಂದಳು. ಪ್ರಪಂಚದ್ದು, ದೇಶದ್ದು ಬರೆದು ಮುಗಿಸಿದ್ದಳು. "ತಾತ, ನಮ್ಮ ಕಡೇದು ದೊಡ್ಡ ಗವಿ ಯಾವುದು ಅಂತ ಕೇಳಿದ್ರೆ?"

"ಗೂಗೆಬಂಡೆಯಲ್ಲಿರೋ ಖಲೀಲನ ಗವಿ" ಎಂದೆ.

"ನಮ್ಮೂರ ಗವಿ?"

"ಅದು ಅದರ ಹಿತ್ತಿಲ ಬಾಗಿಲು."

ಅವಳು ಪೆನ್ಸಿಲಿನಲ್ಲಿ ಗುಂಡಗೆ ಬರೆದುಕೊಂಡಳು. ಹಳೆಯ ಜಾಗದಲ್ಲೇ, ಹಳೆಯ ಹಾಗೆಯೇ, ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು. ರಬ್ಬರು ನನ್ನ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ನಾನು ನೂಲಿನ ಇನ್ನೊಂದು ತುದಿ ಹಿಡಿದುಕೊಂಡು ಅಳೆಯುವುದನ್ನು ಮುಂದುವರಿಸಿದೆ.